ಕಲ್ಲಿನಡಿಯ ಇದ್ದಿಲು

ಹಗ್ಗ ಸಡಿಲಿಸುತ್ತಿದ್ದ ಹೊಕಾನ್‌ನ ಕಾಲು ಜಾರಿ ಶವಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು.

"ನಿಧಾನ ಕಣಪ್ಪಾ," ಎಂದಳು ಹಿಂದೆ ನಿಂತಿದ್ದ ಮುದುಕಿ ರಾಗ್ನಾ. "ಅವನು ಒಂದು ಕಲ್ಲನ್ನೂ ಓರೆಯಾಗಿ ಇಟ್ಟವನಲ್ಲ."

ಪೆಟ್ಟಿಗೆಯಲ್ಲಿದ್ದವನು ಹೊಕಾನ್‌ನ ದೊಡ್ಡಪ್ಪ ಎಸ್ಕಿಲ್. ಸ್ವೀಡನ್ ಕಡೆಯಿಂದ ಗಡಿಯ ಕಲ್ಲುಗುಪ್ಪೆಗಳನ್ನು ನೋಡಿಕೊಳ್ಳುತ್ತ, ಒಂದರಿಂದ ಇನ್ನೊಂದು ಕಾಣುವಂತೆ ನಡುವಿನ ಕಾಡು ಸವರುತ್ತಲೇ ಮುದುಕನಾದವನು. ಮದುವೆಯಾಗಲಿಲ್ಲ. ಕಳಿಸಿಕೊಡಲು ಬಂದವರು ಪಾದ್ರಿ, ಹೊಕಾನ್, ಹಗ್ಗ ಹಿಡಿಯಲು ಕರೆದ ಕೆಲವರು, ಮತ್ತೆ ಗಡಿಯಾಚೆ ನಾರ್ವೆಯ ರಾಗ್ನಾ.

ಗೋರಿಕಲ್ಲು ಯಾವಾಗ ನಿಲ್ಲಿಸುತ್ತೀರಿ ಎಂದು ಅವಳು ಕೇಳಿದಳು. ಹೊಕಾನ್ ಮುಖ ತಪ್ಪಿಸಿದ. ಕಲ್ಲು ಬೇಡವೆಂದು ಆಗಲೇ ತೀರ್ಮಾನವಾಗಿತ್ತು.

"ನೋಡೋಕೆ ಯಾರು ಬರ್ತಾರಮ್ಮ?"

ಹುಲ್ಲು ಮುಚ್ಚಿದ ಮೇಲೆ ಎಸ್ಕಿಲ್ ಎಲ್ಲಿದ್ದಾನೆಂದು ತೋರಿಸಲು ಏನೂ ಉಳಿಯುವುದಿಲ್ಲ. ಅದೊಂದೇ ಅವಳ ಎದೆಯಲ್ಲಿ ಕೂತುಬಿಟ್ಟಿತು.

*

ಎಷ್ಟೋ ವರ್ಷಗಳ ಹಿಂದೆ, ರಾಗ್ನಾಳ ಗಂಡ ಸತ್ತ ಮರುಬೇಸಿಗೆ. ನೆಲದಡಿ ಮಲಗಿದ ರಕ್ಕಸನೊಬ್ಬ ನಿದ್ದೆಯಲ್ಲಿ ಹೊರಳಿದನೋ ಎಂಬಂತೆ, ಚಳಿಗಾಲದ ಹಿಮ ಅವಳ ಹೊಲದಂಚಿನ ಗುಪ್ಪೆಯನ್ನು ಕೆಡವಿತ್ತು. ಗಡಿ ಎಲ್ಲಿತ್ತೆಂದು ಹುಡುಕುತ್ತ ಎಸ್ಕಿಲ್ ಮೊಣಕಾಲೂರಿ ಮಣ್ಣು ಕೆದಕಿದ. ಅವಳೂ ಕೆದಕಿದಳು. ಹಿಂದಿನವರು ಗಡಿಕಲ್ಲಿನಡಿ ಇದ್ದಿಲು ಹೂಳುತ್ತಿದ್ದರು. ಕಲ್ಲು ಜಾರಿಹೋದರೂ ಅದು ಕೊಳೆಯದೆ ಅಲ್ಲೇ ಇರುತ್ತದೆಂದು. ಕೊನೆಗೆ ಇದ್ದಿಲು ಸಿಕ್ಕಿ ಕಪ್ಪಾದದ್ದು ಅವಳ ಬೆರಳು.

ಅವಳು ಪಕ್ಕದಲ್ಲಿಟ್ಟಿದ್ದ ಕಾಫಿ ಪಾತ್ರೆ ನೋಡಿ ಎಸ್ಕಿಲ್ ಮಗುವಿನಂತೆ ನಕ್ಕ. "ನಿನ್ನ ಕಾಫಿ ಪಾತ್ರೆ ನಮ್ಮ ದೇಶಕ್ಕೆ ಬಂದುಬಿಟ್ಟಿದೆ ನೋಡು. ಸುಂಕ ಕಟ್ಟು."

"ಮನೆಗೆ ಬಾ, ಕಟ್ತೀನಿ."

ಅವನ ನಗು ನಿಂತಿತು. ತಲೆ ತಗ್ಗಿಸಿ ಕಲ್ಲು ಜೋಡಿಸತೊಡಗಿದ.

ಆಮೇಲೆ ಪ್ರತಿ ಬೇಸಿಗೆಯೂ ಬಂದ. ತನ್ನ ಕಡೆಯ ಬಂಡೆಯ ಮೇಲೆ ಕೂತು, ಅವಳು ಕೈಚಾಚಿ ಕೊಟ್ಟ ಕಾಫಿ ಕುಡಿದ. ಗೆರೆ ದಾಟಿ ಅವಳ ಪಾಲಿನ ಪೊದೆಗಳನ್ನೂ ಸವರಿಕೊಟ್ಟ. ಹೊಸ್ತಿಲ ತನಕ ಮಾತ್ರ ಬರಲಿಲ್ಲ. ಅವಳೂ ಮತ್ತೆ ಕರೆಯಲಿಲ್ಲ.

*

ಪಾದ್ರಿ ಮೂರು ಸಲ ಮಣ್ಣು ಹಾಕಿ ಹಿಂದೆ ಸರಿದರು. ಹೊಕಾನ್ ಸಲಿಕೆ ಎತ್ತುವ ಮುಂಚೆ ರಾಗ್ನಾ ಮುಂದೆ ಬಂದು ಕೋಟಿನ ಜೇಬಿನಿಂದ ಬಟ್ಟೆಗಂಟೊಂದನ್ನು ತೆಗೆದಳು. ಗೋರಿಕಲ್ಲಿನಡಿ ಇಡಬೇಕೆಂದು ತಂದಿದ್ದಳು. ಈಗ ಬಿಚ್ಚಿ ಕುಣಿಯೊಳಗೇ ಸುರಿದಳು.

"ಇದೇನಮ್ಮ?"

"ಇದ್ದಿಲು. ನಮ್ಮನೆ ಒಲೇದು."

ಹೊಕಾನ್ ಸಲಿಕೆ ಎತ್ತಿದ. ಮಣ್ಣು ಬೀಳತೊಡಗಿತು.

ಸಂಜೆಯ ಬಸ್ಸಿನಲ್ಲಿ ಅವಳೊಬ್ಬಳೇ. ಗಡಿ ದಾಟುವಾಗ ಕಾಡು ಬೈತಲೆಯಂತೆ ಬಿರಿದು, ಆ ಬಯಲು ಪಟ್ಟಿಯ ತುದಿಯಲ್ಲಿ ಒಂದು ಕಲ್ಲುಗುಪ್ಪೆ ಕಂಡಿತು. ಅವಳು ಗಾಜಿನ ಮೇಲೆ ಬೆರಳಿಟ್ಟಳು. ಬಸ್ಸು ಮುಂದೆ ಹೋಯಿತು, ಮರಗಳು ಮತ್ತೆ ಕೂಡಿಕೊಂಡವು. ಗಾಜಿನ ಮೇಲೆ ಕಪ್ಪು ಚುಕ್ಕೆಯೊಂದು ಉಳಿದಿತ್ತು.