ಬೋರಿ ಹೊಳೆ ದಾಟಿದ ಬೆನ್ನು

"ಬೋರಿ ಹೊಳಿಗಿ ಮುಗಿಲ ಹರಕೊಂಡು ಬಿದ್ದಂಥಾ ನೀರ. ನಲವತ್ತು ಕುರಿ, ನಾಕ ಟಗರ, ಒಂದು ನಾಯಿ, ಎಲ್ಲಾನೂ ಒಂದ ಸಲಕ್ಕ ಬೆನ್ನ ಮ್ಯಾಲ ಹೇರಿಕೊಂಡು ಈಸಿ ಬಂದೀನಿ. ಬಾಯಾಗ ಬೀಡಿ ಇತ್ತು. ಆರಿದ್ದಿಲ್ಲ ನೋಡಪಾ!"

ಗಾಲಿಮಂಚದ ಮೇಲೆ ಅಂಗಾತ ಮಲಗಿಕೊಂಡೇ ನಾಗಣ್ಣ ಇದನ್ನು ಹೇಳಿದ. ದುಧನಿ ಕಡೆಯ ಅವನ ಊರಿನಲ್ಲಿ ಈ ಕಥೆ ಶುರುವಾದರೆ ಕಟ್ಟೆಯ ಮೇಲಿನ ನಾಯಿಗಳೂ ಎದ್ದು ಹೋಗುತ್ತಿದ್ದವು. ಸೊಲ್ಲಾಪುರದ ಈ ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡುವ ಶೈಲೇಶ ಮಾತ್ರ ಗಲ್ಲಕ್ಕೆ ಕೈ ಹಚ್ಚಿ ಕೇಳಿದ. ನಡುವೆ ಚಹಾ ತರಿಸಿದ.

"ಬಾಪರೇ! ಅಷ್ಟು ಭಾರ ಹೊತ್ತ ಮ್ಯಾಲ ನಡ ಹಿಡೀಲಿಲ್ಲೇನ್ರಿ ಕಾಕಾ?"

"ಹಿಡ್ಯೂದೇನು, ಅವತ್ತ ಮುರೀತು! ಬ್ಯಾರೆಯವ ಆಗಿದ್ರ ಮಣ್ಣಾಗಿ ಹೋಗ್ತಿದ್ದ. ನಾ ಮುರಿದ ನಡದಾಗ ಇಷ್ಟು ವರ್ಷ ಹಿಂಡು ಕಾದೀನಿ."

ಶೈಲೇಶ ಕಂಪ್ಯೂಟರಿನಲ್ಲಿ ಟಕಟಕ ಹೊಡೆದ. ತನ್ನ ಕೀರ್ತಿ ಕಂಪ್ಯೂಟರಿನೊಳಗೂ ಹೊಕ್ಕಿತೆಂದು ನಾಗಣ್ಣನ ಮೀಸೆ ಗೇಣುದ್ದ ಬೆಳೆಯಿತು.

ನಿಜಕ್ಕೂ ನಡ ಮುರಿದದ್ದು ಹೋದ ಸೋಮವಾರ, ಅಕ್ಕಲಕೋಟೆಯ ಸಂತೆಯಲ್ಲಿ. ಪಿಕಪ್ ಗಾಡಿಯಿಂದ ಟಗರು ಇಳಿಸುವಾಗ ಟಗರು ಮೊದಲು ಹಾರಿತು. ಅದರ ಹಗ್ಗ ಹಿಡಿದಿದ್ದ ನಾಗಣ್ಣ ಅದರ ಹಿಂದೆಯೇ ಬಂದು ಕಲ್ಲಿನ ಮೇಲೆ ಕೂತ. ಆವತ್ತಿನಿಂದ ಎಡಗಾಲು ಅವನ ಮಾತು ಕೇಳುತ್ತಿರಲಿಲ್ಲ. ಬೆನ್ನಿನ ಮಣಿ ಸರಿದು ನರ ಒತ್ತಿದೆ, ಸ್ಕ್ರೂ ಹಾಕಿ ಕೂಡಿಸಬೇಕು, ತಡವಾದರೆ ಕಾಲು ತಿರುಗಿ ಬರುವ ಭರವಸೆಯಿಲ್ಲ ಎಂದಿದ್ದರು ಡಾಕ್ಟರು.

ಮಗಳು ಮನೀಷಾ ಸೊಲ್ಲಾಪುರದಲ್ಲೇ ಚಾದರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನ ಹೆಸರಿನಲ್ಲಿ ವಿಮೆ ಮಾಡಿಸಿ ಕಂತು ಕಟ್ಟುತ್ತಿದ್ದವಳು ಅವಳೇ. ಲಕ್ಷದ ಲೆಕ್ಕ ಅಪ್ಪನ ತಲೆಗೆ ಹತ್ತುವುದಿಲ್ಲವೆಂದು ಕುರಿಯ ಲೆಕ್ಕದಲ್ಲಿ ತಿಳಿಸಿ ಹೇಳಿದಳು.

"ಬಾಬಾ, ವಿಮಾ ಇಲ್ಲಂದ್ರ ಈ ಆಪರೇಷನ್‌ಗೆ ನಾಕೂವರಿ ಲಾಖ. ಅಂದ್ರ ಹಿಂಡಿಗೆ ಹಿಂಡ. ವಿಮಾ ಇದ್ರ ಹತ್ತಿ, ಕೈಗವಸು, ಅವರು ಕೊಡಲಾರದ ಸಣ್ಣಪುಟ್ಟ ಖರ್ಚ ಅಷ್ಟ ನಮ್ಮದು. ಮೂರು ಕುರಿ."

"ಎರಡಕ್ಕ ಮುಗಸಂತ ಹೇಳ," ಎಂದು ನಾಗಣ್ಣ ಅಲ್ಲೂ ಚೌಕಾಶಿಗಿಳಿದ. "ಒಂದು ಗಬ್ಬ ಐತಿ."

ಮರುದಿನ ಮಧ್ಯಾಹ್ನ ಶೈಲೇಶ ವಾರ್ಡಿಗೇ ಬಂದ. ಕುರ್ಚಿ ಎಳೆದುಕೊಂಡನಾದರೂ ಕೂರಲಿಲ್ಲ.

"ಕಾಕಾ, ಕಂಪನಿ ನಾಮಂಜೂರ ಮಾಡ್ಯಾದ. ನಿಮ್ಮ ಪಾಲಿಸಿ ಎರಡು ವರ್ಷದ್ದು. ನಡದ ಬ್ಯಾನಿ ಅದಕ್ಕಿಂತ ಮೊದಲಿಂದು. ಹಳೇ ಬ್ಯಾನಿಗಿ ಮೂರು ವರ್ಷದ ತನಕಾ ರೊಕ್ಕ ಕೊಡಂಗಿಲ್ಲ ಅಂತ ನೇಮ ಅದ."

"ಮೊದಲಿಂದು ಅಂತ ಯಾವ ಬದ್ಮಾಷ ಹೇಳ್ಯಾನ?"

"ನೀವ ಹೇಳೀರಲ್ರಿ. ಹೊಳಿ ಬಂದ ವರ್ಷ ಮುರೀತು ಅಂತ."

ನಾಗಣ್ಣನಿಗೆ ಮಂಚವೇ ಕೆಳಗಿನಿಂದ ಜಾರಿದಂತಾಯಿತು. ಹುಟ್ಟಿದಾಗಿನಿಂದ ಅವನ ಕಥೆಯನ್ನು ಆಕಳಿಸದೆ ಕೇಳಿದವನು ಇವನೊಬ್ಬನೇ. ಕಣ್ಣರಳಿಸಿದ್ದ, "ಮುಂದ?" ಎಂದಿದ್ದ. ತೋಳ ಕೂಡ ಹಿಂಡಿಗೆ ಬರುವಾಗ ತೋಳದ ಹಾಗೇ ಬರುತ್ತದೆ.

"ಚಾ ಕುಡಿಸಿ ಕುತಗಿ ಕೊಯ್ದೆಲ್ಲೋ! ನಕ್ಕಿ ನೀ! ನಕ್ಕೋತ ಬರಕೊಂಡಿ!"

"ತ್ರಾಸ ಯಾವಾಗಿಂದ ಅಂತ ಕೇಳೂದು ನನ್ನ ಕೆಲಸ್ರಿ. ನಿಮ್ಮ ಕಥಿ ಖುಷಿಲೇ ಕೇಳ್ದೆ, ಅದೂ ಖರೇನ." ಶೈಲೇಶನ ಮುಖ ಸಣ್ಣದಾಯಿತು. "ಒಂದು ದಾರಿ ಅದ. ಪೆಟ್ಟು ಹೊಸಾದು ಅಂತ ಡಾಕ್ಟರ ಬರದು ಕೊಡ್ತಾರ. ಬಿದ್ದು ಆದ ಪೆಟ್ಟಿಗೆ ಆ ನೇಮ ಹತ್ತಂಗಿಲ್ಲ. ಆದ್ರ ಹೊಳಿ ಕಥಿ ಸುಳ್ಳಂತ ನೀವು ಸಹಿ ಮಾಡಬೇಕು. ಸಂಜಿ ಒಳಗ."

"ಸುಳ್ಳ? ನಂದ?" ನಾಗಣ್ಣ ಏಳಲು ಹೋದ. ಎಡಗಾಲು ಏಳಲಿಲ್ಲ. "ಮನೀಷಾ, ಹಿಂಡು ಮಾರು. ನಲವತ್ತೂ ಮಾರು. ಸುಳ್ಳ ಅನಿಸಿಕೊಂಡು ಎದ್ದು ನಡ್ಯಾಂವ ಅಲ್ಲ ಈ ನಾಗಣ್ಣ."

"ಹಿಂಡು ಹೋದ್ರ ನೀವಿಬ್ಬರು ಏನ ತಿಂತೀರಿ ಬಾಬಾ? ನಿನ್ನ ಕಥಿ ತಿಂತೀರೇನು?" ಎಂದಳು ಮನೀಷಾ.

ಇಷ್ಟು ಹೊತ್ತು ಮೂಲೆಯಲ್ಲಿ ನೆಲಕ್ಕೆ ಕೂತಿದ್ದ ಹೆಂಡತಿ ರತ್ನಾಬಾಯಿ ಮಂಚದ ಹತ್ತಿರ ಸರಿದಳು. ಸೊಂಟದ ಸಂಚಿಯಿಂದ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದಳು. ಬೀರೋಬನ ಗುಡಿಯ ಭಂಡಾರ, ದೇವರ ಅರಿಶಿನ. ಅದನ್ನು ಮುಟ್ಟಿ ಸುಳ್ಳಾಡಿದವನ ಹಿಂಡು ಉಳಿಯುವುದಿಲ್ಲವೆಂದು ಕುರಿ ಕಾಯುವವರೆಲ್ಲ ಬಲ್ಲರು. ನಾಗಣ್ಣ ಸೂರ್ಯನ ಮೇಲೆ ಆಣೆ ಇಟ್ಟಿದ್ದ, ಚಂದ್ರನ ಮೇಲೆ ಇಟ್ಟಿದ್ದ, ಹೆಂಡತಿಯ ತವರಿನ ಮೇಲಂತೂ ದಿನಕ್ಕೆರಡು ಸಲ ಇಟ್ಟಿದ್ದ. ಭಂಡಾರದ ಮೇಲೆ ಎಂದೂ ಇಟ್ಟಿರಲಿಲ್ಲ.

"ಮುಟ್ರಿ," ಎಂದಳು. "ಕುರಿ ಹೊತ್ತಾಂವ ನಾನ ಅಂತ ಮುಟ್ಟಿ ಹೇಳ್ರಿ. ನಾ ಈಗಿಂದೀಗ ಹೋಗಿ ಹಿಂಡು ಮಾರಿ ಬರ್ತೀನಿ."

"ನೀನೂ?"

ಶೈಲೇಶ ಹೊರಗಿನವನು. ಕಂಪನಿಯಂತೂ ಕಣ್ಣಿಗೇ ಕಾಣದ್ದು. ಇವಳು ಇಷ್ಟು ವರ್ಷ ಅವನ ಕಥೆಯನ್ನು ಬಾಗಿಲಲ್ಲಿ ನಿಂತು ಕೇಳಿದವಳು, ಸಿಕ್ಕಿಬಿದ್ದು ಕೇಳಿದವರಿಗೆ ಮಜ್ಜಿಗೆ ಕೊಟ್ಟವಳು, ಒಂದು ದಿನವೂ ತಡೆದವಳಲ್ಲ. ಹುಬ್ಬು ಕೂಡ ಏರಿಸಿದವಳಲ್ಲ. ಈಗ ಪರಸ್ಥಳದಲ್ಲಿ, ಪರರೆದುರು, ಹೆತ್ತ ಮಗಳೆದುರು.

"ನಾನೂ," ಎಂದಳು ರತ್ನಾಬಾಯಿ.

ನಾಗಣ್ಣ ಕೈ ಚಾಚಿದ. ಬೆರಳು ಅರಿಶಿನದ ಮೇಲೆ ಬಂದು ನಿಂತಿತು. ಇಳಿಯಲಿಲ್ಲ. ಕೈ ಹಿಂದಕ್ಕೆಳೆದುಕೊಂಡು ಮುಖವನ್ನು ಗೋಡೆಯ ಕಡೆ ಹೊರಳಿಸಿದ.

"ಹೊಳಿ ಬಂದಾಗ ನಾ ಸಾಲಿ ಮಾಳಿಗಿ ಮ್ಯಾಲಿದ್ದೆ," ಎಂದ. "ನೀರ ಕಂಡು ಕೈಕಾಲ ಬಿದ್ದು ಹೋದವು. ಊರಾಗ ಎಲ್ಲಾರಕಿಂತ ಮೊದಲ ಹತ್ತಿ ಕುಂತಾಂವ ನಾನ."

"ಮತ್ತ ಕುರಿ?" ಶೈಲೇಶ ಮೆಲ್ಲಗೆ ಕೇಳಿದ.

"ನಲವತ್ತ ಎಲ್ಲಿಂದು? ಆವಾಗ ಹದಿನೇಳ ಇದ್ದು. ಇಕಿ ಕಂಬಳಿ ಜೋಳಿಗಿ ಮಾಡಿ ಬೆನ್ನಿಗಿ ಕಟಗೊಂಡು, ಒಂದೊಂದ ಕುರಿ ಅದರಾಗ ಹಾಕ್ಕೊಂಡು, ಎದಿಮಟ ನೀರಾಗ ಹೋಗೂದು ಬರೂದು ಮಾಡಿದ್ಲು. ನಾ ಮ್ಯಾಲ ನಿಂತು ಹುಷಾರ, ಹುಷಾರ ಅಂತ ಒದರಿದೆ." ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ. "ಬೀಡಿ ಒಂದ ಖರೇ. ಅಲ್ಲೇ ಕುಂತು ಸೇದಿದೆ. ನನ್ನ ನಡಕ್ಕ ಅಕ್ಕಲಕೋಟಿ ಸಂತಿ ತನಕಾ ಏನೂ ಆಗಿದ್ದಿಲ್ಲ."

"ಅಷ್ಟ ಸಾಕ್ರಿ. ಬರದು ತರ್ತೀನಿ. ಕಂಪನಿ ಒಪ್ಪತದೋ ಇಲ್ಲೋ, ಮಾತ ಕೊಡಂಗಿಲ್ಲ," ಎಂದು ಶೈಲೇಶ ಹೊರಟ. ಅವನು ನಗಲಿಲ್ಲ.

ರತ್ನಾಬಾಯಿ ಪೊಟ್ಟಣ ಮಡಚಿ ಸಂಚಿಗೆ ಹಾಕಿದಳು. ಖಾಲಿ ತಂಬಿಗೆ ನೋಡಿ, ಎರಡೂ ಕೈಯಿಂದ ಮಂಚದ ಕಬ್ಬಿಣ ಹಿಡಿದು ಮೇಲೇಳತೊಡಗಿದಳು. ಅರ್ಧ ಎದ್ದು, ಅಲ್ಲೇ ಉಸಿರು ಬಿಗಿಹಿಡಿದು ನಿಂತಳು. ಬೆನ್ನು ನೆಟ್ಟಗಾಗಲಿಲ್ಲ. ಹಾಗೇ ಬಾಗಿಕೊಂಡು, ಗೋಡೆಗೆ ಅಂಗೈ ಒತ್ತುತ್ತ, ನೀರು ತರಲು ಹೋದಳು.