ಮಹಂತೇಶನ ಮೂಗು

ಫರೀದಾಬಾದಿನ ಆ ಪ್ರಯೋಗಾಲಯದಲ್ಲಿ ಅಂದು ಬೆಳಿಗ್ಗೆ ಚೋಂದಮ್ಮನ ಮುಖ ನೋಡುವ ಹಾಗಿರಲಿಲ್ಲ. ವರ್ಷಾನುಗಟ್ಟಲೆ ಫ್ಲೂ ವೈರಾಣುವಿನ ಬೆನ್ನು ಹತ್ತಿ, ಅದು ವೇಷ ಬದಲಿಸಿದ ಹಾಗೆಲ್ಲ ತಾನೂ ಹೊಸದಾಗಿ ತಲೆ ಕೆಡಿಸಿಕೊಂಡು, ಕೊನೆಗೂ ಅದನ್ನು ಮೂಗಿನ ಒಂದು ಹನಿಯಲ್ಲೇ ಹಿಡಿಯುವ ಕಿಟ್ ಮಾಡಿದ್ದಳು. ಮರುದಿನ ತಜ್ಞರ ಸಮಿತಿ ಬರುವುದಿತ್ತು. ಗೆದ್ದರೆ ಕಿಟ್ ಆಸ್ಪತ್ರೆಗಳಿಗೆ, ಸೋತರೆ ಮೂಲೆಗೆ.

ಈಗ ನೋಡಿದರೆ ಕೆಮ್ಮಿಲ್ಲ, ನೆಗಡಿಯಿಲ್ಲ, ಗುಂಡುಕಲ್ಲಿನ ಹಾಗಿರುವ ಅವಳ ಸಿಬ್ಬಂದಿಯ ಮೂಗಿನಲ್ಲೆಲ್ಲ ಫ್ಲೂ ಇದೆ ಅನ್ನುತ್ತಿದೆ ಆ ಹಾಳು ಕಿಟ್!

"ಟ್ಯೂಬಿಗೆ ಎಲ್ಲೋ ವೈರಾಣು ತಾಗಿರಬೇಕಮ್ಮ," ಅಂದರು ನಿರ್ದೇಶಕ ದಕ್ಷಿಣಾಮೂರ್ತಿ. "ಸಮಿತಿಯವರಿಗೆ ಬರಬೇಡಿ ಅಂದ್ಬಿಡ್ಲಾ?"

"ತಾಳಿ ಸರ್. ಹಾಗಿದ್ರೆ ಬರೀ ನೀರು ಹಾಕಿದ ಟ್ಯೂಬಲ್ಲೂ ಬರಬೇಕಿತ್ತು. ಅದರಲ್ಲಿಲ್ಲ. ಮಹಂತೇಶರ ಮೂಗಲ್ಲೂ ಇಲ್ಲ."

ಮಹಂತೇಶ ಲಸಿಕೆ ವಿಭಾಗದ ವಿಜ್ಞಾನಿ. ಮೊನ್ನೆಯಷ್ಟೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಭಾಷಣ ಬಿಗಿದು, ಮೂಗಿಗೆ ಫ್ಲೂ ಲಸಿಕೆ ಸಿಂಪಡಿಸಿದ ಮಹಾನುಭಾವ. ಚೋಂದಮ್ಮ ಅವನನ್ನೇ ದಿಟ್ಟಿಸಿದಳು.

"ನೀವೂ ಹಾಕಿಸ್ಕೊಂಡ್ರಿ ತಾನೆ?"

"ಅದು... ಮೇಡಂ..." ಮಹಂತೇಶ ಕಿವಿಯವರೆಗೂ ಕೆಂಪಾದ. "ಪರೀಕ್ಷೆಗೆ ಅಂತ ಮೂಗಿಗೆ ಕಡ್ಡಿ ಹಾಕಿದ್ರೆ ಹೇಗೋ ತಡ್ಕೋತೀನಿ. ಸ್ಪ್ರೇ ಅಂದ್ರೆ ಜೀವವೇ ಹೋಗುತ್ತೆ. ಚಾಯ್ ಕುಡಿಯೋಕೆ ಹೋಗ್ಬಿಟ್ಟೆ."

ಅಯ್ಯೋ ದೇವರೇ! ಆ ಲಸಿಕೆಯಲ್ಲಿರುವುದು ಸೊರಗಿಸಿದ ಜೀವಂತ ವೈರಾಣು. ಕೆಲವು ದಿನ ಮೂಗಿನಲ್ಲೇ ಠಿಕಾಣಿ ಹೂಡುತ್ತದೆ. ಮೂರು ಹೊತ್ತೂ ವೈರಾಣುವಿನ ಜಪ ಮಾಡುವ ಇಷ್ಟೂ ಪಂಡಿತರು ತಮ್ಮ ಮೂಗಿನಲ್ಲೇನಿದೆ ಎಂಬುದನ್ನೇ ಮರೆತು, 'ಆರೋಗ್ಯವಂತರು' ಎಂದು ಪರೀಕ್ಷೆಗೆ ಮೂಗು ಕೊಟ್ಟಿದ್ದರು. ಕಿಟ್ ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು.

ಸಂಜೆಯೊಳಗೆ ಆ ವೈರಾಣುಗಳ ಜೀನುಗಳನ್ನು ಓದಿದರು. ಲಸಿಕೆಯವೇ, ಒಂದೂ ಬೇರೆಯಲ್ಲ! ಚೋಂದಮ್ಮ ನಗುತ್ತ ನಗುತ್ತ ಅತ್ತೇಬಿಟ್ಟಳು. ದಕ್ಷಿಣಾಮೂರ್ತಿಗಳು ಎಲ್ಲರಿಗೂ ಸಮೋಸ ತರಿಸಿದರು.

ಮಹಂತೇಶನಿಗೆ ಮಾತ್ರ ನಾಚಿಕೆ ತಡೆಯಲಾಗಲಿಲ್ಲ. ಸ್ಪ್ರೇ ಹಿಡಿದು ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಮೂಗು ಮೇಲೆತ್ತಿ ನಿಂತ.

"ಹಾಕಿ ಮೇಡಂ. ಆಗಿದ್ದಾಗಲಿ."

ಚೋಂದಮ್ಮ ಸ್ಪ್ರೇ ಕಿತ್ತುಕೊಂಡಳು.

"ಚಲೋ, ಹೋಗ್ರೀ ಸುಮ್ಮನೆ! ನಾಳೆ ಸಮಿತಿಗೆ ತೋರಿಸೋಕೆ ಈ ಕಟ್ಟಡದಲ್ಲಿ ಫ್ಲೂ ಇಲ್ದೆ ಇರೋದೇ ನಿಮ್ಮದೊಂದು ಮೂಗು!"