ಎರ್ರಪ್ಪ ಎದ್ದು ಹೋಗುತ್ತಿದ್ದ ಹೊತ್ತು

“ಕೈ ಗಟ್ಟಿಯಾಗಿ ಹಿಡ್ಕೊಳ್ರೇ, ಕೊಸರ್ಕೊಂಡ್ರೆ ಗಾಜು ಎಲ್ಲೆಲ್ಲೋ ಸಿಡೀತದೆ,” ಎಂದು ಊರಿನ ಹಿರಿಮುದುಕಿ ಚಿಕ್ಕವೆಂಕಟಮ್ಮ ಗುಂಡುಕಲ್ಲು ಎತ್ತಿಕೊಂಡಳು. ಅಂಗಳದಲ್ಲಿ ಎರ್ರಪ್ಪನ ಹೆಣ, ಪಕ್ಕದಲ್ಲಿ ಹೆಂಡತಿ ಕೊಂಡಮ್ಮ, ಅವಳ ಎರಡು ಕೈಗೂ ಹಸಿರು ಬಳೆ.

ದಿಬ್ಬೂರಹಳ್ಳಿಯಲ್ಲಿ ಎರಡೆಕರೆ ಹಿಪ್ಪುನೇರಳೆ ಬೆಳೆದುಕೊಂಡಿದ್ದ ಸಾಧಾರಣ ಮನುಷ್ಯ ಎರ್ರಪ್ಪ. ಯಾರ ಮನೆಯಲ್ಲಿ ಗಂಡಸು ಸತ್ತರೂ ಬಿದಿರು ಕಡಿದು ಚಟ್ಟ ಕಟ್ಟಲು ಅವನೇ ಮುಂದು. ಬಳೆ ಒಡೆಯುವ ಹೊತ್ತಿಗೆ ಮಾತ್ರ ಆಸಾಮಿ ನಾಪತ್ತೆ. ಹೆಗಲು ಕೊಡಬೇಕಾದವನನ್ನು ತೋಟದಿಂದ ಹುಡುಕಿ ತರಬೇಕು. ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಊರಿಗೆ ಸಾಕುಸಾಕಾಗಿತ್ತು.

“ಇವತ್ತಾದ್ರೂ ಎದ್ದೋಗಂಗಿಲ್ಲ ನೋಡು,” ಎಂದ ದಾಯಾದಿ ಪಿಳ್ಳಪ್ಪ. ಒಂದಿಬ್ಬರು ನಕ್ಕರು. ಎರ್ರಪ್ಪನ ತಂಗಿ ವೆಂಕಟರತ್ನಮ್ಮನಿಗೆ ಮೈ ಉರಿದುಹೋಯಿತು.

*

ಐವತ್ತೊಂದನೇ ಇಸವಿಯಲ್ಲಿ, ಮುರುಗಮಲ್ಲದಲ್ಲಿ ವೆಂಕಟರತ್ನಮ್ಮನ ಗಂಡ ಸತ್ತ ದಿನ. ಅವಳು ಹೆಂಗಸರ ಕೈಗೆ ಸಿಗದೆ ಕೊಸರಾಡಿದಾಗ ಅಣ್ಣನನ್ನೇ ಕರೆದರು. ಎರ್ರಪ್ಪ ಮೊಣಕೈ ಒತ್ತಿ ಹಿಡಿದ. ಕಲ್ಲು ಬಿತ್ತು. ಗಾಜಿನ ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಅವನ ಬೆರಳ ಮೇಲೆ ಹರಿಯಿತು. ಆ ಗದ್ದಲದಲ್ಲಿ ಅದನ್ನು ಕಂಡವರು ಅವರಿಬ್ಬರೇ.

“ನಾನ್ಯಾಕೆ ಹಿಡ್ಕೊಂಡ್ನೋ,” ಎಂದ, ಸಂಜೆ ಅವಳ ಗಾಯಕ್ಕೆ ಅರಿಸಿನ ಮೆತ್ತುವಾಗ. ಮತ್ತೆಂದೂ ಆ ಮಾತೆತ್ತಲಿಲ್ಲ.

*

ವೆಂಕಟರತ್ನಮ್ಮ ಹರಳೆಣ್ಣೆಯ ಬಟ್ಟಲು ತಂದು ಅತ್ತಿಗೆಯ ಮುಂದೆ ಕೂತಳು. “ಕಲ್ಲು ಕೆಳಗಿಡಿ ದೊಡ್ಡಮ್ಮ. ಬಳೆ ನಾನು ಬಿಚ್ತೀನಿ.”

“ಇದ್ಯಾವ ಹೊಸ ಶಾಸ್ತ್ರನೇ? ನನಗೂ ಒಡೆದ್ರು. ನಾನೇನು ಸತ್ತೋದ್ನಾ?”

“ಸಾಯ್ಲಿಲ್ಲ. ನೋಯ್ಲಿಲ್ವಾ?” ವೆಂಕಟರತ್ನಮ್ಮ ತನ್ನ ಮಣಿಕಟ್ಟಿನ ಗಾಯದ ಕಲೆ ತೋರಿಸಿದಳು. “ಅವತ್ತು ಈ ಕೈ ಹಿಡಿದಿದ್ದು ನಮ್ಮಣ್ಣ. ಆಮೇಲೆ ಅವನ ಕೈಲಿ ಯಾರ ಬಳೆ ಒಡೆಯೋದನ್ನೂ ನೋಡಕ್ಕಾಗ್ಲಿಲ್ಲ.”

ಮುದುಕಿ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಣ್ಣೆ ಸವರಿ ಒಂದೊಂದೇ ಬಳೆ ಜಾರಿಸುವುದೆಂದರೆ ಸಾಮಾನ್ಯವೇ? ಬಿಸಿಲೇರಿತು, ಚಟ್ಟದವರು ಗೊಣಗಿದರು, ಪಿಳ್ಳಪ್ಪ ಎರಡು ಬೀಡಿ ಮುಗಿಸಿದ. ಬಲಗೈಯ ಕೊನೆಯ ಬಳೆ ಮಾತ್ರ ಏನು ಮಾಡಿದರೂ ಗೆಣ್ಣು ದಾಟಲಿಲ್ಲ.

“ಅದೊಂದನ್ನ ಒಡೆದಾಕಿ, ಹೊತ್ತಾಯ್ತು,” ಎಂದ ಪಿಳ್ಳಪ್ಪ.

ಎಲ್ಲರೂ ಚಿಕ್ಕವೆಂಕಟಮ್ಮನ ಕಡೆ ನೋಡಿದರು. ಕೊಂಡಮ್ಮ ಕಣ್ಣು ಮುಚ್ಚಿ ಕೈ ಮುಂದೆ ಚಾಚಿದಳು.

ಮುದುಕಿ ಕಲ್ಲನ್ನು ಗೋಡೆಯ ಬುಡಕ್ಕೆ ಎಸೆದಳು. ಆ ಚಾಚಿದ ಕೈಗೆ ಒಂದು ಹಿಡಿ ಅಕ್ಕಿ ಸುರಿದು, “ಗಂಡನ ಬಾಯಿಗೆ ಹಾಕಮ್ಮ,” ಎಂದಳು. ಕೊಂಡಮ್ಮ ಹೆಣದ ಮೇಲೆ ಬಾಗಿದಾಗ ಬಳೆ ಎಲ್ಲರಿಗೂ ಕಾಣಿಸಿತು. ಚಿಕ್ಕವೆಂಕಟಮ್ಮ ಗೊಣಗುತ್ತಲೇ ತನ್ನ ಸೆರಗನ್ನು ಎಳೆದು ಆ ಮಣಿಕಟ್ಟಿನ ಮೇಲೆ ಮುಚ್ಚಿದಳು.